ರಾಜತಾಂತ್ರಿಕತೆಯಲ್ಲಿ ಆಸಕ್ತಿ ಇದೆಯಾ? ಸರ್ಕಾರಗಳೇ ಖರ್ಚು ಕೊಟ್ಟು ಕರೆಸಿಕೊಳ್ಳುತ್ತವೆ, ಆದರೆ ಈ ಷರತ್ತುಗಳು ಗೊತ್ತಿರಲಿ

ವಾಜಪೇಯಿ ಅವರು ಪ್ರಧಾನಿಯಾಗುವ ದಶಕಗಳ ಮೊದಲೇ, 1960ರಲ್ಲಿ, ಯುವ ಸಂಸದರಾಗಿ ಅಮೆರಿಕ ಸರ್ಕಾರದ ಅತಿಥಿಯಾಗಿ ಆ ದೇಶ ಸುತ್ತಿ ಬಂದಿದ್ದರು. ಬ್ರಿಟನ್‌ನ ಮಾರ್ಗರೆಟ್ ಥ್ಯಾಚರ್ ಕೂಡ 1967ರಲ್ಲಿ ಹೀಗೇ ಹೋಗಿ ಬಂದವರು. ಮುಂದೆ ದೊಡ್ಡವರಾಗಬಹುದಾದವರನ್ನು ಮೊದಲೇ ಗುರುತಿಸಿ, ಕರೆಸಿ, ತಮ್ಮ ಸಂಸತ್ತು, ನ್ಯಾಯಾಲಯ, ಪತ್ರಿಕಾ ಕಚೇರಿಗಳನ್ನು ತೋರಿಸಿ ಕಳಿಸುವುದು ಹಲವು ದೇಶಗಳ ಹಳೆಯ ಲೆಕ್ಕಾಚಾರ. ಇದರಲ್ಲಿ ಔದಾರ್ಯ ಎಷ್ಟಿದೆಯೋ ಸ್ವಾರ್ಥವೂ ಅಷ್ಟೇ ಇದೆ.

ಆಡಳಿತ, ವಿದೇಶಾಂಗ ವ್ಯವಹಾರದಲ್ಲಿ ಆಸಕ್ತಿ ಇರುವ ಯುವಜನರಿಗೆ ಈ ಲೆಕ್ಕಾಚಾರದಿಂದ ಲಾಭವಿದೆ. ಒಂದೇ ಸಮಸ್ಯೆ ಎಂದರೆ, ನಿಜವಾದ ವಿನಿಮಯ ಕಾರ್ಯಕ್ರಮ ಯಾವುದು, ದುಡ್ಡು ಕಟ್ಟಿಸಿಕೊಳ್ಳುವ ಪ್ರವಾಸ ಯಾವುದು ಎಂಬುದು ಅನೇಕರಿಗೆ ಗೊತ್ತಾಗುವುದಿಲ್ಲ.

ಅರ್ಜಿಯೇ ಇಲ್ಲದ ಕಾರ್ಯಕ್ರಮ

ಅಮೆರಿಕದ 'ಇಂಟರ್‌ನ್ಯಾಷನಲ್ ವಿಸಿಟರ್ ಲೀಡರ್‌ಶಿಪ್ ಪ್ರೋಗ್ರಾಂ' 1940ರಲ್ಲಿ ಶುರುವಾದದ್ದು. ಇದಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ರಾಯಭಾರ ಕಚೇರಿಯೇ ಹೆಸರು ಸೂಚಿಸುತ್ತದೆ. ಹಾಗಾಗಿ 'ಇದರಲ್ಲಿ ಸೀಟು ಕೊಡಿಸುತ್ತೇವೆ' ಎಂದು ಯಾರಾದರೂ ಹೇಳಿದರೆ ಅದು ಸುಳ್ಳು, ಅಷ್ಟೇ.

ಅರ್ಜಿ ಹಾಕಬಹುದಾದವುಗಳಲ್ಲಿ ಮೊದಲ ಹೆಸರು ಫುಲ್‌ಬ್ರೈಟ್-ನೆಹರು. ಭಾರತ ಮತ್ತು ಅಮೆರಿಕ ನಡುವಿನ ಮೂಲ ಒಪ್ಪಂದ 1950ರದ್ದು. 2008ರ ಹೊಸ ಒಪ್ಪಂದದ ನಂತರ ಭಾರತವೂ ಸಮಾನ ಪಾಲುದಾರ, ನೆಹರು ಹೆಸರು ಸೇರಿದ್ದೂ ಆಗಲೇ. ಅಂದರೆ ಇದು ಪೂರ್ತಿ ಅಮೆರಿಕದ ದುಡ್ಡಲ್ಲ, ನಮ್ಮ ತೆರಿಗೆಯೂ ಇದೆ. ಇದರ ಸ್ನಾತಕೋತ್ತರ ಫೆಲೋಶಿಪ್‌ನಲ್ಲಿ ಸಾರ್ವಜನಿಕ ಆಡಳಿತ, ಅಂತಾರಾಷ್ಟ್ರೀಯ ವ್ಯವಹಾರದಂಥ ವಿಷಯಗಳಿವೆ. ಕನಿಷ್ಠ ಶೇ. 55 ಅಂಕ, ಮೂರು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಹಲವರು ಮುಗ್ಗರಿಸುವುದು ಇನ್ನೊಂದು ನಿಯಮದಲ್ಲಿ: ನಮ್ಮ ಮೂರು ವರ್ಷದ ಬಿಎ, ಬಿಕಾಂ ಒಂದೇ ಇದ್ದರೆ ಸಾಲದು. ನಾಲ್ಕು ವರ್ಷದ ಪದವಿ ಇರಬೇಕು, ಇಲ್ಲವೇ ಮೂರು ವರ್ಷದ ಪದವಿಯ ಮೇಲೆ ಎಂಎ ಅಥವಾ ಪೂರ್ಣಾವಧಿ ಪಿಜಿ ಡಿಪ್ಲೊಮಾ ಮುಗಿದಿರಬೇಕು.

ಬ್ರಿಟನ್ ಸರ್ಕಾರದ ಚೀವ್ನಿಂಗ್ ಇನ್ನೊಂದು ದಾರಿ. 1983ರಿಂದ ನಡೆಯುತ್ತಿರುವ ಇದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಪೂರ್ಣ ವೆಚ್ಚ ಸಿಗುತ್ತದೆ. ಎರಡು ವರ್ಷದ ಅನುಭವ ಕೇಳುತ್ತಾರೆ, ಅದನ್ನು 2,800 ಗಂಟೆ ಎಂದು ಲೆಕ್ಕ ಹಾಕುತ್ತಾರೆ. ಪಾರ್ಟ್ ಟೈಮ್ ಕೆಲಸ, ಸ್ವಯಂಸೇವೆಯೂ ಇದರಲ್ಲಿ ಸೇರುತ್ತದೆ. ಅಂಕಪಟ್ಟಿಯಷ್ಟೇ ನೋಡದೆ ನಾಯಕತ್ವ, ವಾಪಸ್ ಬಂದು ಏನು ಮಾಡುತ್ತೀರಿ ಎಂಬುದರ ಬಗ್ಗೆಯೂ ಬರೆಸುತ್ತಾರೆ. ಊರಿನ ಕೆರೆ ಸಮಿತಿಯಲ್ಲೋ ವಾರ್ಡ್ ಸಭೆಯಲ್ಲೋ ನಿಜವಾಗಿ ಓಡಾಡಿದವರಿಗೆ ಬರೆಯಲು ಏನಾದರೂ ಇರುತ್ತದೆ. ಬರೀ ಸರ್ಟಿಫಿಕೇಟ್ ಕೂಡಿಟ್ಟವರಿಗೆ ಇಲ್ಲಿ ಕಷ್ಟ.

ಯೂನಿವರ್ಸಿಟಿ ಓದು ಬೇಡ, ಕೆಲಸ ಮಾಡಿ ಕಲಿಯಬೇಕು ಎನ್ನುವವರು ಜರ್ಮನ್ ಚಾನ್ಸಲರ್ ಫೆಲೋಶಿಪ್ ನೋಡಬಹುದು. ಕೆಲವೇ ದೇಶಗಳಿಗೆ ತೆರೆದಿರುವ ಇದರಲ್ಲಿ ಭಾರತವೂ ಇದೆ. ಯೋಜನೆಯನ್ನೂ, ಅದಕ್ಕೆ ಜಾಗ ಕೊಡುವ ಜರ್ಮನ್ ಸಂಸ್ಥೆಯನ್ನೂ ನೀವೇ ಹುಡುಕಿಕೊಳ್ಳಬೇಕು.

ವಾಪಸ್ ಬರಲೇಬೇಕು

ಮನೆಯವರು ಅರ್ಥ ಮಾಡಿಕೊಳ್ಳಬೇಕಾದ ವಿಷಯ ಇದು. ಹೋದವರು ಅಲ್ಲೇ ನೆಲೆಸಲಿ ಎಂದು ಈ ಕಾರ್ಯಕ್ರಮಗಳು ಇಲ್ಲ. ಚೀವ್ನಿಂಗ್ ಮುಗಿಸಿದವರು ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಫುಲ್‌ಬ್ರೈಟ್‌ನಲ್ಲಿ ಸಿಗುವುದು ಜೆ-1 ವೀಸಾ. ಸರ್ಕಾರದ ಹಣದಲ್ಲಿ ಹೋದವರು ಒಟ್ಟು ಎರಡು ವರ್ಷ ಭಾರತದಲ್ಲಿ ಇದ್ದ ನಂತರವೇ ಎಚ್-1ಬಿ ವೀಸಾಕ್ಕೋ ಗ್ರೀನ್ ಕಾರ್ಡ್‌ಗೋ ಅರ್ಹರು.

2024ರ ಡಿಸೆಂಬರ್‌ನಲ್ಲಿ ಅಮೆರಿಕ ತನ್ನ 'ಸ್ಕಿಲ್ಸ್ ಲಿಸ್ಟ್'ನಿಂದ ಭಾರತವನ್ನು ತೆಗೆದಾಗ 'ಎರಡು ವರ್ಷದ ನಿಯಮ ಹೋಯಿತು' ಎಂಬ ಮಾತು ವಾಟ್ಸಾಪ್‌ನಲ್ಲೆಲ್ಲ ಓಡಾಡಿತು. ಅದು ಅರ್ಧ ಸತ್ಯ. ಆ ಪಟ್ಟಿಯ ಕಾರಣಕ್ಕೆ ಸಿಕ್ಕಿಬಿದ್ದಿದ್ದವರಿಗೆ ಮಾತ್ರ ವಿನಾಯಿತಿ ಸಿಕ್ಕಿದೆ, ಸರ್ಕಾರದ ಖರ್ಚಿನಲ್ಲಿ ಹೋಗುವವರಿಗೆ ನಿಯಮ ಹಾಗೇ ಇದೆ. ಎಚ್-1ಬಿಯೇ ಗುರಿಯಾಗಿದ್ದರೆ ಈ ದಾರಿ ಹಿಡಿಯದಿರುವುದೇ ಒಳ್ಳೆಯದು.

ಇನ್ನೊಂದು ಅಪಾಯವೂ ಇದೆ. ರಾಜಕೀಯ ಬದಲಾದಂತೆ ಕಾರ್ಯಕ್ರಮಗಳೂ ಅಲುಗಾಡುತ್ತವೆ. 2025ರ ಜೂನ್‌ನಲ್ಲಿ ಅಮೆರಿಕದ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಸದಸ್ಯರು, ಆಯ್ಕೆಯಲ್ಲಿ ಸರ್ಕಾರ ಕೈಹಾಕುತ್ತಿದೆ ಎಂದು ಆರೋಪಿಸಿ ರಾಜೀನಾಮೆ ಕೊಟ್ಟರು. ಒಂದೇ ದೇಶವನ್ನು ನಂಬಿ ಕೂರಬೇಡಿ.

ದುಡ್ಡು ಕೇಳಿದರೆ?

ಮೇಲೆ ಹೇಳಿದ ಫುಲ್‌ಬ್ರೈಟ್-ನೆಹರು, ಚೀವ್ನಿಂಗ್, ಜರ್ಮನ್ ಫೆಲೋಶಿಪ್ ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ. ಆದರೆ ಇನ್‌ಸ್ಟಾಗ್ರಾಂನಲ್ಲಿ ಬರುವ ಹಲವು 'ಯೂತ್ ಡಿಪ್ಲೊಮ್ಯಾಟ್' ಜಾಹೀರಾತುಗಳಲ್ಲಿ 'ನೀವು ಆಯ್ಕೆಯಾಗಿದ್ದೀರಿ' ಎಂಬ ಇಮೇಲ್ ಜೊತೆಗೇ ಪಾವತಿ ಲಿಂಕ್ ಬರುತ್ತದೆ. ವಿದೇಶದಲ್ಲಿ ನಾಲ್ಕು ದಿನ ಹೋಟೆಲ್, ಒಂದು ಅಣಕು ವಿಶ್ವಸಂಸ್ಥೆ ಸಭೆ, ಕೊನೆಗೊಂದು ಪ್ರಮಾಣಪತ್ರ. ಮಾಡೆಲ್ ಯುಎನ್ ಒಳ್ಳೆಯ ಅಭ್ಯಾಸವೇ, ಆದರೆ ಕಾಲೇಜಿನ ಸಭಾಂಗಣದಲ್ಲೂ ಅದು ನಡೆಯುತ್ತದೆ. ಸಾಲ ಮಾಡಿ ವಿಮಾನ ಹತ್ತುವ ಅಗತ್ಯವಿಲ್ಲ.

ವಿಶ್ವಸಂಸ್ಥೆ ತನ್ನ ನೇಮಕಾತಿಯ ಯಾವ ಹಂತದಲ್ಲೂ ಶುಲ್ಕ ಪಡೆಯುವುದಿಲ್ಲ. ಅದರ ಸಚಿವಾಲಯದ ಇಂಟರ್ನ್‌ಶಿಪ್ ನಿಜವಾದದ್ದೇ. ಆದರೆ ಸಂಬಳವಿಲ್ಲ, ಪ್ರಯಾಣ, ವಸತಿ ಖರ್ಚೂ ನಿಮ್ಮದೇ. ನ್ಯೂಯಾರ್ಕ್, ಜಿನೀವಾದ ಬಾಡಿಗೆ ನೋಡಿದರೆ ಇದು ಯಾರಿಗೆ ಸಾಧ್ಯ ಎಂಬುದು ಗೊತ್ತಾಗುತ್ತದೆ.

ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಮುಚ್ಚುತ್ತದೆ. ಫುಲ್‌ಬ್ರೈಟ್-ನೆಹರು ನೋಡಿಕೊಳ್ಳುವ ಯುಎಸ್‌ಐಇಎಫ್ ಸಂಸ್ಥೆಗೆ ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲಿ ಕಚೇರಿಗಳಿವೆ. ಪುಣೆಯವರಿಗೆ ಮುಂಬೈ ಕಚೇರಿ, ಕರ್ನಾಟಕದಲ್ಲಿರುವವರಿಗೆ ಚೆನ್ನೈ ಕಚೇರಿ.