ಬಾಗಿಲು ಹೇಳುವ ನೆಲದ ಮಾತು

ಮಳೆಗಾಲ ಬಂದಿತೆಂದರೆ ಬಡಿಗರಿಗೆ ಬಿಡುವಿರುವುದಿಲ್ಲ. ಬೇಸಿಗೆಯಲ್ಲಿ ಬೆರಳು ಸೋಕಿದರೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲು ಜುಲೈನಲ್ಲಿ ಹೆಗಲು ಕೊಟ್ಟು ನೂಕಿದರೂ ಚೌಕಟ್ಟಿನೊಳಗೆ ಕೂರುವುದಿಲ್ಲ. ಆಗ ನಾವು ಹೇಳುವುದು ಒಂದೇ ಮಾತು: 'ಸ್ವಲ್ಪ ಕೆತ್ತಿಬಿಡಿ'. ಕೆತ್ತಿದ ಮರ ಮತ್ತೆ ಬೆಳೆಯುವುದಿಲ್ಲ ಎಂಬುದು ಅರಿವಾಗುವುದು ಮುಂದಿನ ಬೇಸಿಗೆಯಲ್ಲಿ, ಸಂದಿಯಿಂದ ಬಿಸಿಲಿನ ಗೆರೆ ಒಳಗೆ ಬಿದ್ದಾಗ.

ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವವನ್ನು ಹೀರುವ ಅದರ ಗುಣ ಹೋಗುವುದಿಲ್ಲ. ಹೀರಿದಾಗ ಅದು ಹಿಗ್ಗುವುದು ಅಗಲಕ್ಕೆ. ಎಳೆಯ ಉದ್ದಕ್ಕೆ ಬಹುತೇಕ ಬದಲಾವಣೆ ಇಲ್ಲ. ಆದ್ದರಿಂದಲೇ ಉಬ್ಬಿದ ಕದ ಚಿಲಕದ ಅಂಚಿನಲ್ಲಿ ಉಜ್ಜುತ್ತದೆ. ಮುಂಭಾಗಕ್ಕೆ ಅಕ್ಕರೆಯಿಂದ ಬಣ್ಣ ಬಳಿಸುವ ನಾವು ಕಣ್ಣಿಗೆ ಬೀಳದ ಮೇಲಿನ ಹಾಗೂ ಕೆಳಗಿನ ಅಂಚುಗಳನ್ನು ಬರಿದಾಗಿಯೇ ಬಿಡುತ್ತೇವೆ. ಎಳೆಗಳ ತುದಿ ತೆರೆದುಕೊಂಡಿರುವ ಆ ಅಂಚುಗಳಿಂದಲೇ ತೇವ ಬೇಗ ಒಳಸೇರುತ್ತದೆ. ಇಂಥ ಬಾಗಿಲಿಗೆ ಮಳೆ ಮುಗಿದು ಮರ ಒಣಗುವವರೆಗೆ ಕಾದು, ಅಂಚುಗಳಿಗೆ ವಾರ್ನಿಷ್ ಬಳಿಯುವುದೇ ಮೊದಲ ಮದ್ದು.

ಹುಬ್ಬಳ್ಳಿಯ ದಕ್ಷಿಣದಂಚಿನ ಗಬ್ಬೂರಿನಲ್ಲಿರುವ ನಮ್ಮ ಮನೆಗೆ ಬಂದ ಬಡಿಗ ಚೀಲ ಬಿಚ್ಚುವ ಮೊದಲೇ ಕೇಳಿದ: 'ಬ್ಯಾಸಿಗ್ಯಾಗ ಮುಚ್ಚತಿತ್ತೇನ್ರಿ?' ಇಲ್ಲವೆಂದೆ. ಚಿಲಕ ಹಿಡಿದು ಕದವನ್ನು ಮೇಲಕ್ಕೆತ್ತಿ ನೋಡಿದ, ಬಿಜಾಗರಿಗಳು ಬಿಗಿಯಾಗಿದ್ದವು. ಅವು ಸಡಿಲವಾಗಿದ್ದರೆ ಸ್ಕ್ರೂ ತೂತಿಗೆ ಅಂಟು ಸವರಿದ ಮರದ ಚೂರು ತುಂಬಿ ಮತ್ತೆ ಬಿಗಿದರೆ ಸಾಕಿತ್ತು. ಕೊನೆಗೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿದ. ಸಮನಾಗಿರಬೇಕಾದ ಎರಡು ಕರ್ಣಗಳ ನಡುವೆ ಅರ್ಧ ಇಂಚು ವ್ಯತ್ಯಾಸ. ಚೌಕಟ್ಟಿನ ಮೇಲುಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕು. 'ಕದಾ ಛಲೋ ಐತ್ರಿ, ನೆಲಾ ಅಳ್ಳಾಡೈತಿ' ಎಂದವನೇ ಚೀಲವನ್ನು ಹೆಗಲಿಗೇರಿಸಿದ.

ಅವನ ಮಾತಿನಲ್ಲಿ ಈ ಸೀಮೆಯ ಮನೆಗಳ ಕಥೆಯೇ ಇದೆ. ಹತ್ತಿಗೆ ಹೆಸರಾದ ಎರೆಮಣ್ಣಿನಲ್ಲಿ ಮಾಂಟ್‌ಮೋರಿಲೋನೈಟ್ ಜಾತಿಯ ಜೇಡಿಖನಿಜವಿರುತ್ತದೆ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ನಡುವಿನ ನೆಲ ಹೆಚ್ಚು ಬದಲಾಗದು. ಹೊರಗೋಡೆಗಳ ಕೆಳಗಿನ ಮಣ್ಣು ಮಾತ್ರ ಋತುವಿಗೊಮ್ಮೆ ಏರಿ ಇಳಿಯುತ್ತದೆ. ಆಳವಿಲ್ಲದ ತಳಪಾಯ ಅದರೊಡನೆ ಚಲಿಸಿದಾಗ ಚೌಕಟ್ಟು ಓರೆಯಾಗುತ್ತದೆ. ಇದಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಗಂಟೆಯಂತೆ ಅಗಲವಾಗುವ 'ಅಂಡರ್‌ರೀಮ್ಡ್' ಕಂಬಗಳ ತಳಪಾಯವನ್ನು ರೂಪಿಸಿತು. ಋತುಮಾನದ ಏರಿಳಿತ ತಲುಪದ, ಸಾಮಾನ್ಯವಾಗಿ 3.5 ಮೀಟರಿನಷ್ಟು ಆಳದಲ್ಲಿ ಅವು ನೆಲೆಯೂರುತ್ತವೆ.

ಈಗಾಗಲೇ ಕಟ್ಟಿರುವ ಮನೆಯವರೂ ಕೈಕಟ್ಟಿ ಕೂರಬೇಕಾಗಿಲ್ಲ. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೂರ ಹರಿಸಬೇಕು. ಮನೆಯ ಸುತ್ತ ಹೊರಮುಖವಾಗಿ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು. ಸೋರುವ ಕೊಳವೆಯನ್ನು ಕೂಡಲೇ ದುರಸ್ತಿ ಮಾಡಿಸಬೇಕು. ದೊಡ್ಡ ಮರಗಳನ್ನು ಗೋಡೆಗೆ ತೀರ ಹತ್ತಿರ ಬೆಳೆಸಬಾರದು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡುವುದು ಒಳ್ಳೆಯದು. ಬಿರುಕು ಗೆರೆ ದಾಟಿದರೆ ಕರೆಸಬೇಕಾದದ್ದು ಬಡಿಗನನ್ನಲ್ಲ, ಎಂಜಿನಿಯರನ್ನು.

ನಿನ್ನೆಯವರೆಗೆ ಹೊಲವಾಗಿದ್ದ ಎರೆಭೂಮಿ ಇಂದು ಬಡಾವಣೆಯಾಗುತ್ತಿದೆ. ಜೀವಮಾನದ ಉಳಿತಾಯ ಸುರಿದು ಮನೆ ಕೊಳ್ಳುವವರು ತಲೆಬಾಗಿಲು ಯಾವ ದಿಕ್ಕಿಗಿದೆ ಎಂದು ತಪ್ಪದೆ ಕೇಳುತ್ತಾರೆ. ಅದರ ಕೆಳಗಿನ ಮಣ್ಣು ಎಂಥದ್ದು, ತಳಪಾಯ ಎಷ್ಟು ಆಳ ಎಂದು ಕೇಳುವವರು ವಿರಳ. ಕಟ್ಟಡದ ಪರವಾನಗಿಯ ಕಡತದಲ್ಲಿ ಮಣ್ಣಿನ ಪರೀಕ್ಷೆಯ ವರದಿಗೂ ಒಂದು ಪುಟ ಮೀಸಲಾಗಲಿ. ಮುಚ್ಚದ ಬಾಗಿಲು ನೀಡುವ ಎಚ್ಚರಿಕೆಯನ್ನು ಉಜ್ಜುಗೊರಡಿನಿಂದ ಸವರಿಹಾಕಬಹುದು. ಗೋಡೆ ನೀಡುವ ಎಚ್ಚರಿಕೆಯನ್ನು ಹಾಗೆ ಸವರಿಹಾಕಲಾಗದು.