ಕಾಲು ನಡೆಯದಿದ್ದರೂ ಸೊಂಟ ನಡೆದೀತು!

1952ರ ಹೆಲ್ಸಿಂಕಿ ಒಲಿಂಪಿಕ್ಸ್. ಕುದುರೆ ಸವಾರಿಯ ‘ಡ್ರೆಸಾಜ್’ ಸ್ಪರ್ಧೆ ಮುಗಿದು ಪದಕ ಪ್ರದಾನದ ಹೊತ್ತು. ಚಿನ್ನ ಗೆದ್ದವರು ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್. ಬೆಳ್ಳಿ ಗೆದ್ದವರು ಡೆನ್ಮಾರ್ಕಿನ 31 ವರ್ಷದ ಮಹಿಳೆ ಲಿಸ್ ಹಾರ್ಟೆಲ್. ಆದರೆ ಆಕೆಗೆ ತಾವಾಗಿಯೇ ವೇದಿಕೆ ಹತ್ತಲು ಸಾಧ್ಯವಿರಲಿಲ್ಲ. ಸೇಂಟ್ ಸಿರ್ ಅವರೇ ಆಕೆಗೆ ನೆರವಾಗಿ ವೇದಿಕೆಗೆ ಹತ್ತಿಸಿದರು. ಒಲಿಂಪಿಕ್ಸ್ ಇತಿಹಾಸದಲ್ಲಿ ಇಂದಿಗೂ ನೆನೆಯುವ ಕ್ಷಣ ಅದು.

ಅದಕ್ಕೆ ಮೊದಲಿನ ಒಲಿಂಪಿಕ್ಸ್‌ಗಳಲ್ಲಿ ಡ್ರೆಸಾಜ್ ಸ್ಪರ್ಧೆ ಸೇನಾಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. ಮಹಿಳೆಯರಿಗೆ ಬಾಗಿಲು ತೆರೆದದ್ದೇ 1952ರಲ್ಲಿ. ಹಾರ್ಟೆಲ್ ಅವರ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಅವರಿಗೆ ಪೋಲಿಯೊ ತಗುಲಿತ್ತು. ಮಗು ಆರೋಗ್ಯವಾಗಿಯೇ ಹುಟ್ಟಿತು. ತಾಯಿಯ ಕಾಲುಗಳು ಮಾತ್ರ ಸೋತಿದ್ದವು. ತೋಳು, ಕೈಗಳಿಗೂ ಪೆಟ್ಟು ಬಿದ್ದಿತ್ತು. ಪಟ್ಟು ಹಿಡಿದು ಅಭ್ಯಾಸ ಮಾಡಿ ಅವರು ಮತ್ತೆ ಕುದುರೆ ಏರಿದರು. ಏರಲೂ ಇಳಿಯಲೂ ಬೇರೆಯವರ ಸಹಾಯ ಬೇಕಿತ್ತು. ‘ಜುಬಿಲಿ’ ಎಂಬ ಅವರ ಹೆಣ್ಣು ಕುದುರೆ, ಕಾಲಿನ ಸನ್ನೆಯ ಬದಲು ಮೈಭಾರ ವಾಲಿದ್ದನ್ನೇ ಅಪ್ಪಣೆಯೆಂದು ತಿಳಿಯಲು ಕಲಿತಿತ್ತು.

ಈ ಕಥೆ ಕೇಳಿದವರಲ್ಲಿ ಅನೇಕರು ‘ಕುದುರೆ ಆಕೆಯ ಪೋಲಿಯೊ ವಾಸಿ ಮಾಡಿತು’ ಎಂದುಕೊಳ್ಳುತ್ತಾರೆ. ಅದು ನಿಜವಲ್ಲ. ಪೋಲಿಯೊ ವೈರಸ್ ಬೆನ್ನುಹುರಿಯೊಳಗಿನ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟದು. 1956ರಲ್ಲಿ ಸ್ಟಾಕ್‌ಹೋಮಿನಲ್ಲಿ ಎರಡನೆಯ ಬಾರಿ ಬೆಳ್ಳಿ ಗೆದ್ದಾಗಲೂ ಹಾರ್ಟೆಲ್ ಅವರಿಗೆ ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ಹಾಗಾದರೆ ಕುದುರೆಯಿಂದ ಆದದ್ದೇನು? ಹೋದದ್ದು ಹಿಂದಿರುಗಲಿಲ್ಲ, ಉಳಿದದ್ದು ಬಳಕೆಗೆ ಬಂತು. ಕುದುರೆಯನ್ನು ಚಿಕಿತ್ಸೆಗೆ ಬಳಸುವ ಇಡೀ ವಿಜ್ಞಾನವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಸಾಕು.

ಹೆಸರಿನ ಹಿಂದೆ

ಈ ಚಿಕಿತ್ಸೆಗೆ ‘ಹಿಪ್ಪೊಥೆರಪಿ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಹಿಪ್ಪೋಸ್’ ಎಂದರೆ ಕುದುರೆ. ‘ಹಿಪೊಪೊಟಮಸ್’ ಎಂಬ ಪ್ರಾಣಿಯ ಹೆಸರಿನಲ್ಲಿರುವುದೂ ಇದೇ ಪದ. ಅದರರ್ಥ ನದಿಯ ಕುದುರೆ. ಕನ್ನಡದಲ್ಲಿ ನಾವು ನೀರುಕುದುರೆ ಎನ್ನುವುದಿಲ್ಲವೆ, ಹಾಗೆ!

ಸವಾರಿ ಮೈಗೆ ಒಳ್ಳೆಯದೆಂಬ ನಂಬಿಕೆ ಹಳೆಯದು. 17ನೆಯ ಶತಮಾನದ ಇಂಗ್ಲೆಂಡಿನ ಹೆಸರಾಂತ ವೈದ್ಯ ಥಾಮಸ್ ಸಿಡೆನ್‌ಹ್ಯಾಂ ತನ್ನ ರೋಗಿಗಳಿಗೆ ಕುದುರೆ ಸವಾರಿಯ ಸಲಹೆ ಕೊಡುತ್ತಿದ್ದ. ಆದರೆ ಕುದುರೆಯ ಚಲನೆಯನ್ನೇ ಅಳೆದು, ಲೆಕ್ಕ ಹಾಕಿ ಚಿಕಿತ್ಸೆಯಾಗಿ ಬಳಸತೊಡಗಿದ್ದು 1960ರ ದಶಕದಲ್ಲಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ಗಳ ಫಿಸಿಯೋಥೆರಪಿಸ್ಟರು. ಬ್ರಿಟನ್ನಿನಲ್ಲಿ 1969ರಲ್ಲಿ ಅಂಗವಿಕಲರ ಸವಾರಿಗಾಗಿಯೇ ರಾಷ್ಟ್ರಮಟ್ಟದ ಸಂಘವೊಂದು ಹುಟ್ಟಿತು. ಅಮೆರಿಕದ ಹಿಪ್ಪೊಥೆರಪಿ ಸಂಘ ಸ್ಥಾಪನೆಯಾದದ್ದು 1992ರಲ್ಲಿ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಅಂಗವಿಕಲರಿಗೆ ಸವಾರಿ ಕಲಿಸುವುದು ಒಂದು. ಅಲ್ಲಿ ಲಗಾಮು ಸವಾರನ ಕೈಯಲ್ಲಿರುತ್ತದೆ; ಕಲಿಸುವವನು ಸವಾರಿಯ ಶಿಕ್ಷಕ. ಹಿಪ್ಪೊಥೆರಪಿ ಇನ್ನೊಂದು. ಇಲ್ಲಿ ರೋಗಿ ಕುದುರೆಯನ್ನು ನಡೆಸುವುದಿಲ್ಲ, ಕುದುರೆಯೇ ರೋಗಿಯನ್ನು ನಡೆಸುತ್ತದೆ. ಚಿಕಿತ್ಸೆ ಕೊಡುವವರು ತರಬೇತಾದ ಫಿಸಿಯೋಥೆರಪಿಸ್ಟ್ ಅಥವಾ ಅಂಥದೇ ಬೇರೆ ಚಿಕಿತ್ಸಕರು. ಫಿಸಿಯೋಥೆರಪಿ ಕೋಣೆಯಲ್ಲಿ ದೊಡ್ಡ ಚೆಂಡು, ಹಲಗೆ, ಕಂಬಿಗಳಿರುವಂತೆ ಇಲ್ಲಿ ಕುದುರೆಯಿದೆ. ವ್ಯತ್ಯಾಸವೆಂದರೆ ಈ ಸಲಕರಣೆಗೆ ಜೀವವಿದೆ.

ಮನೆಯಲ್ಲೇ ಒಂದು ಪ್ರಯೋಗ

ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಎದ್ದು ನಿಲ್ಲಿ. ಎರಡೂ ಕೈಗಳನ್ನು ಸೊಂಟದ ಎಲುಬು ತಾಗುವಂತೆ ಇಟ್ಟುಕೊಂಡು ನಿಧಾನವಾಗಿ ಹತ್ತು ಹೆಜ್ಜೆ ನಡೆಯಿರಿ. ಏನಾಗುತ್ತದೆ? ಒಂದು ಕಾಲು ಎತ್ತಿದಾಗ ಆ ಬದಿಯ ಸೊಂಟ ತುಸು ಕೆಳಗಿಳಿಯುತ್ತದೆ, ಕಾಲಿನೊಂದಿಗೆ ಮುಂದಕ್ಕೆ ತಿರುಗುತ್ತದೆ. ಇಡೀ ಸೊಂಟ ಎಡಕ್ಕೂ ಬಲಕ್ಕೂ ತೂಗುತ್ತದೆ. ಹಿಂದಕ್ಕೂ ಮುಂದಕ್ಕೂ ಸ್ವಲ್ಪ ವಾಲುತ್ತದೆ. ಜ್ಯಾಮಿತಿಯ ಭಾಷೆಯಲ್ಲಿ ಹೇಳುವುದಾದರೆ ಮೂರು ಅಕ್ಷಗಳಲ್ಲೂ ಚಲನೆ ನಡೆದಿದೆ. ನಮ್ಮ ನಡಿಗೆಯ ಗುಟ್ಟು ಕಾಲಿನಲ್ಲಿ ಎಷ್ಟಿದೆಯೋ ಸೊಂಟದಲ್ಲೂ ಅಷ್ಟೇ ಇದೆ.

ಈಗ ಕುದುರೆಯನ್ನು ನೋಡೋಣ. ಅದರ ಸಾಮಾನ್ಯ ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದಾದ ಮೇಲೊಂದರಂತೆ ನೆಲ ಮುಟ್ಟುತ್ತವೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಮುಂದಕ್ಕೆ ಬರುವಾಗ ಆ ಬದಿಯ ಬೆನ್ನು ಇಳಿಯುತ್ತದೆ, ಹೊಟ್ಟೆ ಇನ್ನೊಂದು ಬದಿಗೆ ತೂಗುತ್ತದೆ. ಬೆನ್ನಿನ ಮೇಲೆ ಕುಳಿತವರ ಸೊಂಟವೂ ಅದರೊಂದಿಗೆ ಇಳಿದು, ತಿರುಗಿ, ವಾಲುತ್ತದೆ. ಈ ಚಲನೆ ಮನುಷ್ಯ ತಾನೇ ನಡೆಯುವಾಗ ಸೊಂಟದಲ್ಲಾಗುವ ಚಲನೆಯನ್ನು ಬಹುಮಟ್ಟಿಗೆ ಹೋಲುತ್ತದೆ! ಕಾಲು ನಡೆಯದಿದ್ದರೂ ಸೊಂಟ ನಡೆಯುತ್ತದೆ. ಹುಟ್ಟಿದಂದಿನಿಂದ ಒಂದು ಹೆಜ್ಜೆಯನ್ನೂ ಇಡದ ಮಗುವಿನ ಮಿದುಳಿಗೂ ‘ನಡೆಯುವುದೆಂದರೆ ಹೀಗೆ’ ಎಂಬ ಸುದ್ದಿ ತಲುಪುತ್ತದೆ.

ಎಷ್ಟು ಸಲ? ಕುದುರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಗೆ 3000 ಹೆಜ್ಜೆ. ಅಷ್ಟೂ ಸಲ ದೇಹ ಒಂದಿಷ್ಟು ಸಮತೋಲ ಕಳೆದುಕೊಳ್ಳುತ್ತದೆ, ಅಷ್ಟೂ ಸಲ ಅದನ್ನು ಮರಳಿ ಪಡೆಯಬೇಕಾಗುತ್ತದೆ. ಯಾವ ಫಿಸಿಯೋಥೆರಪಿಸ್ಟ್ ತಾನೆ ಬರಿಗೈಯಲ್ಲಿ ಅಷ್ಟು ಸಲ, ಅಷ್ಟೇ ಲಯಬದ್ಧವಾಗಿ ರೋಗಿಯ ಸೊಂಟವನ್ನು ಆಡಿಸಬಲ್ಲರು?

ಸುದ್ದಿ ಹೋಗುವ ದಾರಿ

ನೇರವಾಗಿ ಕೂರುವುದು ನಮಗೆ ಕೆಲಸವೇ ಅಲ್ಲ ಎನ್ನಿಸುತ್ತದೆ. ಆದರೆ ಅದರ ಹಿಂದೆ ದೊಡ್ಡ ಕಾರ್ಯಾಲಯವೇ ನಡೆಯುತ್ತಿರುತ್ತದೆ. ತಲೆ ಎತ್ತ ವಾಲಿತೆಂದು ಒಳಕಿವಿಯ ಅರ್ಧವೃತ್ತ ನಾಳಗಳು ತಿಳಿಸುತ್ತವೆ. ಯಾವ ಕೀಲು ಎಷ್ಟು ಬಾಗಿದೆಯೆಂದು ಸ್ನಾಯು, ಕೀಲುಗಳಲ್ಲಿರುವ ಸಂವೇದಕಗಳು ವರದಿ ಮಾಡುತ್ತವೆ. ಕಣ್ಣು ತನ್ನ ಸಾಕ್ಷಿ ಹೇಳುತ್ತದೆ. ಇವೆಲ್ಲವನ್ನೂ ತಾಳೆ ನೋಡಿ ಮಿದುಳು ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ಆಜ್ಞೆ ಕಳಿಸುತ್ತದೆ.

ನರರೋಗಗಳಲ್ಲಿ ಕೆಡುವುದು ಈ ವ್ಯವಸ್ಥೆಯೇ. ‘ಸೆರೆಬ್ರಲ್ ಪಾಲ್ಸಿ’ಯಲ್ಲಿ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಮಿದುಳಿಗೆ ಪೆಟ್ಟಾಗಿರುತ್ತದೆ. ಪೆಟ್ಟು ಬೆಳೆಯುವುದಿಲ್ಲ, ಆದರೆ ಮಗು ಬೆಳೆಯುತ್ತದೆ. ಬಿಗಿದ ಸ್ನಾಯುಗಳು ಎಲುಬನ್ನೂ ಕೀಲನ್ನೂ ಎಳೆಯತೊಡಗುತ್ತವೆ. ‘ಮಲ್ಟಿಪಲ್ ಸ್ಕ್ಲೆರೋಸಿಸ್’ನಲ್ಲಿ ನರತಂತುಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುತ್ತದೆ, ಪ್ಲಾಸ್ಟಿಕ್ ಸುಲಿದ ತಂತಿಯಂತೆ ಸಂದೇಶ ಕೆಡುತ್ತದೆ. ಪಾರ್ಶ್ವವಾಯುವಿನಲ್ಲಿ ರಕ್ತ ಸಂಚಾರ ಕೆಟ್ಟು ಮಿದುಳಿನ ಒಂದು ಭಾಗ ಸಾಯುತ್ತದೆ.

ಆದರೆ ಮಿದುಳಿಗೆ ಒಂದು ದೊಡ್ಡ ಗುಣವಿದೆ. ಮತ್ತೆ ಮತ್ತೆ ಒಂದೇ ಬಗೆಯ ಕೆಲಸ ಬಂದಾಗ, ಉಳಿದ ಭಾಗಗಳು ತಮ್ಮ ಸಂಪರ್ಕಗಳನ್ನು ಬಲಪಡಿಸಿಕೊಂಡು ಹೊಸ ದಾರಿ ಹುಡುಕುತ್ತವೆ. ಮುಖ್ಯ ರಸ್ತೆ ಕುಸಿದಾಗ ಊರವರು ಓಡಾಡಿ ಓಡಾಡಿಯೇ ಕಾಲುದಾರಿ ಮೂಡುವಂತೆ. ಕುದುರೆಯ 3000 ಹೆಜ್ಜೆಗಳು ಮಾಡುವುದು ಈ ಓಡಾಟದ ಕೆಲಸವನ್ನೇ.

ಕೂರುವ ಭಂಗಿಯೂ ಉಪಕಾರಿ. ಸೆರೆಬ್ರಲ್ ಪಾಲ್ಸಿಯ ಅನೇಕ ಮಕ್ಕಳಲ್ಲಿ ತೊಡೆಯ ಒಳಬದಿಯ ಸ್ನಾಯುಗಳು ಬಿಗಿದು ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಕುದುರೆಯ ಅಗಲ ಬೆನ್ನಿನ ಮೇಲೆ ಕುಳಿತಾಗ ಅವು ತಾವಾಗಿ ಬಿಡಿಸಿಕೊಳ್ಳುತ್ತವೆ. ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಸೆಲ್ಷಿಯಸ್, ನಮಗಿಂತ ಒಂದು ಡಿಗ್ರಿ ಹೆಚ್ಚು. ಆ ಬೆಚ್ಚಗೆ, ಆ ಲಯ ಎರಡೂ ಸೇರಿ ಬಿಗಿತ ಸಡಿಲಿಸಲು ನೆರವಾಗುತ್ತವೆ ಎನ್ನುತ್ತಾರೆ ಚಿಕಿತ್ಸಕರು.

ನಡೆಯುವುದು ಹೀಗೆ

ಜೀನಿನ ಬದಲು ಸಾಮಾನ್ಯವಾಗಿ ದಪ್ಪ ಮೆತ್ತೆ ಹಾಸಿರುತ್ತಾರೆ. ರೋಗಿಯ ತಲೆಗೆ ಹೆಲ್ಮೆಟ್. ಕುದುರೆಯನ್ನು ಹಿಡಿದು ನಡೆಸಲು ಒಬ್ಬರು, ಅಕ್ಕಪಕ್ಕದಲ್ಲಿ ಆಸರೆಯಾಗಿ ನಡೆಯುವವರು, ಚಿಕಿತ್ಸಕರು ಹೀಗೆ ಮೂರು ನಾಲ್ಕು ಜನ ಒಬ್ಬ ರೋಗಿಗೆ. ಕುಕ್ಕುಲೋಟವಿಲ್ಲ, ನಾಗಾಲೋಟವಿಲ್ಲ, ಬರೀ ನಡಿಗೆ. ಚಿಕಿತ್ಸಕರ ಕಣ್ಣೆಲ್ಲ ರೋಗಿಯ ಸೊಂಟ, ಬೆನ್ನು, ತಲೆಯ ಮೇಲೆ. ಅವರು ಹೇಳಿದಂತೆ ಕುದುರೆ ವೇಗ ಬದಲಿಸುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ವೃತ್ತಾಕಾರವಾಗಿ ಸುತ್ತುತ್ತದೆ. ಪ್ರತಿಯೊಂದಕ್ಕೂ ಲೆಕ್ಕವಿದೆ. ತಟ್ಟನೆ ನಿಂತರೆ ದೇಹ ಮುಂದಕ್ಕೆ ವಾಲುತ್ತದೆ. ಅದು ನ್ಯೂಟನ್ನನ ಮೊದಲ ನಿಯಮ. ಆಗ ಬೆನ್ನಿನ ಸ್ನಾಯುಗಳು ಎಚ್ಚೆತ್ತುಕೊಳ್ಳಲೇಬೇಕು. ಸುತ್ತು ತಿರುಗಿದರೆ ದೇಹ ಹೊರಬದಿಗೆ ವಾಲುತ್ತದೆ. ಆಗ ಪಕ್ಕೆಯ ಸ್ನಾಯುಗಳ ಸರದಿ.

ಎಲ್ಲ ಕುದುರೆಯೂ ಈ ಕೆಲಸಕ್ಕೆ ಆಗದು. ಬೆದರದ ಸ್ವಭಾವ, ಚಿಕಿತ್ಸಕರ ಕೈಗೆ ರೋಗಿ ಎಟುಕುವಷ್ಟು ಎತ್ತರ, ಎಲ್ಲಕ್ಕಿಂತ ಹೆಚ್ಚಾಗಿ ಎರಡೂ ಬದಿ ಸಮನಾದ ನಡಿಗೆ ಬೇಕು. ಕುಂಟುವ ಕುದುರೆ ಕುಂಟು ನಡಿಗೆಯನ್ನೇ ಕಲಿಸೀತು!

ಪರೀಕ್ಷೆಯ ಒರೆಗಲ್ಲು

ಕೇಳಲು ಚೆನ್ನಾಗಿದೆ, ಆದರೆ ಪುರಾವೆ? ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ಔಷಧ, ಉಳಿದವರಿಗೆ ಅದರಂತೆಯೇ ಕಾಣುವ ಸಕ್ಕರೆ ಮಾತ್ರೆ ಕೊಡುತ್ತಾರೆ. ಕುದುರೆಯ ವಿಷಯದಲ್ಲಿ ಅದು ಸಾಧ್ಯವೆ? ತಾನು ಕುದುರೆಯ ಮೇಲೆ ಕುಳಿತಿದ್ದೇನೋ ಇಲ್ಲವೋ ಎಂಬುದು ಯಾರಿಗೆ ತಾನೆ ಗೊತ್ತಾಗದು?

2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದಕ್ಕೆ ಸರಳ ಉಪಾಯ ಹುಡುಕಿತು. ಸೆರೆಬ್ರಲ್ ಪಾಲ್ಸಿಯ 15 ಮಕ್ಕಳಲ್ಲಿ ಕೆಲವರನ್ನು 8 ನಿಮಿಷ ನಡೆಯುವ ಕುದುರೆಯ ಮೇಲೆ, ಉಳಿದವರನ್ನು 8 ನಿಮಿಷ ಅಲುಗಾಡದ ಪೀಪಾಯಿಯ ಮೇಲೆ ಕಾಲು ಇಳಿಬಿಟ್ಟು ಕೂರಿಸಿದರು. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಮೊದಲೂ ಆಮೇಲೂ ಅಳೆದರು. ಕುದುರೆಯ ಮೇಲಿದ್ದವರಲ್ಲಿ ಎಡ ಬಲಗಳ ಅಸಮತೆ ಕಡಿಮೆಯಾಗಿತ್ತು. ಪೀಪಾಯಿಯವರಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಅಂದರೆ ಗುಣ ಕಾಲಗಲಿಸಿ ಕೂರುವುದರಲ್ಲಷ್ಟೇ ಇಲ್ಲ, ಚಲನೆಯಲ್ಲಿದೆ. 2015ರಲ್ಲಿ ದಕ್ಷಿಣ ಕೊರಿಯಾದವರು 92 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ವಾರಕ್ಕೆರಡು ಸಲದಂತೆ 8 ವಾರಗಳ ಚಿಕಿತ್ಸೆಯಿಂದ ದೇಹದ ಚಲನೆ, ಸಮತೋಲ ಎರಡೂ ಸುಧಾರಿಸಿದ್ದವು.

ದೊಡ್ಡವರ ವಿಷಯಕ್ಕೆ ಬಂದರೆ, ಸ್ವೀಡನ್ನಿನಲ್ಲಿ ಪಾರ್ಶ್ವವಾಯು ಬಡಿದು ಹತ್ತು ತಿಂಗಳಿಂದ ಐದು ವರ್ಷ ಕಳೆದಿದ್ದ 123 ಜನರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 12 ವಾರಗಳ ನಂತರ ತಮ್ಮ ಚೇತರಿಕೆ ಮುಂದುವರಿದಿದೆ ಎಂದವರು ಕುದುರೆಯ ಗುಂಪಿನಲ್ಲಿ ಶೇ 56. ಸಂಗೀತ ಮತ್ತು ಲಯದ ಚಿಕಿತ್ಸೆ ಪಡೆದವರಲ್ಲಿ ಶೇ 38. ಎರಡೂ ಇಲ್ಲದವರಲ್ಲಿ ಶೇ 17. ಜರ್ಮನಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ನ 70 ರೋಗಿಗಳ ಪರೀಕ್ಷೆ 2018ರಲ್ಲಿ ಹೊರಬಂತು. 56 ಅಂಕಗಳ ಸಮತೋಲ ಪರೀಕ್ಷೆಯಲ್ಲಿ ಕುದುರೆಯ ಗುಂಪು ಇನ್ನೊಂದಕ್ಕಿಂತ ಸರಾಸರಿ 2.33 ಅಂಕ ಹೆಚ್ಚು ಗಳಿಸಿತ್ತು. ಆಯಾಸ, ಸ್ನಾಯುಗಳ ಬಿಗಿತವೂ ಕಡಿಮೆಯಾಗಿದ್ದವು.

ಇನ್ನೊಂದು ಮುಖವನ್ನೂ ನೋಡಬೇಕು. 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿಯ 99 ಮಕ್ಕಳಿದ್ದರು. ಹತ್ತು ವಾರ, ವಾರಕ್ಕೊಮ್ಮೆ ಸವಾರಿ ಮಾಡಿದ ಮಕ್ಕಳಿಗೂ ಮಾಡದವರಿಗೂ ದೇಹದ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಾರಕ್ಕೊಂದು ಸಲ ಸಾಲದೇ? ಸವಾರಿಯ ಪಾಠ ಬೇರೆ, ಅಳತೆಯ ಚಿಕಿತ್ಸೆ ಬೇರೆಯೇ? ಇಂಥ ಪ್ರಶ್ನೆಗಳನ್ನು ಎತ್ತಿದ್ದರಿಂದ ಈ ‘ಸೋತ’ ಪರೀಕ್ಷೆಯೂ ವಿಜ್ಞಾನಕ್ಕೆ ಬೆಲೆಯುಳ್ಳದ್ದೇ. ಎಲ್ಲವನ್ನೂ ಸೇರಿಸಿ ನೋಡಿದರೆ ಸಿಗುವ ಉತ್ತರ ಇಷ್ಟು: ಲಾಭ ಉಂಟು, ಅದು ಸಾಧಾರಣ ಪ್ರಮಾಣದ್ದು, ಹೆಚ್ಚಾಗಿ ಕಾಣುವುದು ಸಮತೋಲದಲ್ಲಿ ಮತ್ತು ಮೈ ಹಿಡಿದು ಕೂರುವುದರಲ್ಲಿ.

ಯಾರಿಗೆ ಬೇಡ?

ಸೊಂಟದ ಕೀಲು ಜಾರಿದವರಿಗೆ, ಹತೋಟಿಗೆ ಬಾರದ ಮೂರ್ಛೆರೋಗವಿರುವವರಿಗೆ, ಎಲುಬು ತೀರ ಸವೆದವರಿಗೆ, ಬೆನ್ನೆಲುಬು ವಿಪರೀತ ಡೊಂಕಾದವರಿಗೆ ಈ ಚಿಕಿತ್ಸೆ ಅಪಾಯಕಾರಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೊದಲೆರಡು ಎಲುಬುಗಳ ಕೀಲು ಸಡಿಲವಾಗಿರುತ್ತದೆ. ಅದನ್ನು ಪರೀಕ್ಷಿಸದೆ ಕುದುರೆ ಏರಿಸಕೂಡದು. ಮಲ್ಟಿಪಲ್ ಸ್ಕ್ಲೆರೋಸಿಸ್ ಉಲ್ಬಣಿಸಿದ ದಿನಗಳಲ್ಲಿಯೂ ಬೇಡ.

ಆದ್ದರಿಂದ ‘ಕುದುರೆ ಚಿಕಿತ್ಸೆ’ ಎಂಬ ಫಲಕ ಕಂಡ ತಂದೆತಾಯಿ ಕೆಲವು ಪ್ರಶ್ನೆ ಕೇಳಲೇಬೇಕು. ಚಿಕಿತ್ಸೆ ಕೊಡುವವರು ಫಿಸಿಯೋಥೆರಪಿ ಓದಿದವರೆ? ಮಗುವಿನ ವೈದ್ಯರ ಒಪ್ಪಿಗೆ, ಸೊಂಟದ ಎಕ್ಸ್-ರೇ ಕೇಳಿದರೆ? ಮೂರು ತಿಂಗಳಲ್ಲಿ ಯಾವ ಸುಧಾರಣೆ ನಿರೀಕ್ಷಿಸಬಹುದು, ಅದನ್ನು ಅಳೆಯುವುದು ಹೇಗೆ? ‘ಪೂರ್ತಿ ವಾಸಿ ಮಾಡುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬರುವುದು ಲೇಸು. ಜಾತ್ರೆಯಲ್ಲಿ ಮಗುವನ್ನು ಕುದುರೆ ಹತ್ತಿಸಿ ಒಂದು ಸುತ್ತು ಹಾಕಿಸುವುದು ಸಂತೋಷವೇ ಹೊರತು ಚಿಕಿತ್ಸೆಯಲ್ಲ. ದಿನನಿತ್ಯದ ವ್ಯಾಯಾಮವನ್ನು ಬಿಟ್ಟು ಕುದುರೆಯನ್ನೇ ನೆಚ್ಚುವುದೂ ಸಲ್ಲ.

56ರಲ್ಲಿ ಎರಡು ಅಂಕ ಎಂದರೆ ಪರೀಕ್ಷೆ ಬರೆಯುವ ಹುಡುಗನಿಗೆ ಅಲ್ಪವೆನಿಸೀತು. ಆದರೆ ಹೊರಳಿ ಬೀಳದೆ ಕೂರಲು ಕಲಿತ ಮಗುವಿಗೆ ಎರಡೂ ಕೈಗಳು ಬಿಡುವಾಗುತ್ತವೆ. ಬಿಡುವಾದ ಕೈ ತಟ್ಟೆಯ ಅನ್ನವನ್ನು ತಾನೇ ಕಲಸಬಹುದು, ಪುಸ್ತಕದ ಹಾಳೆಯನ್ನು ತಾನೇ ತಿರುವಬಹುದು. ಆ ಮನೆಯ ತಾಯಿಗೆ ಅದು ಅಲ್ಪವಲ್ಲ.