ಲಾಭ ಬಂದಿದ್ದು ನರ್ಸ್‌ಗಳ ದುಡಿಮೆಯಿಂದಲಾ, ಬ್ಯಾಂಕ್ ಬಡ್ಡಿಯಿಂದಲಾ?

ಕಂಪನಿಯ ಫಲಿತಾಂಶ ಬಂದ ದಿನ ಎಲ್ಲರ ಕಣ್ಣು ಹೋಗೋದು ಕೊನೇ ಸಾಲಿಗೆ: ನಿವ್ವಳ ಲಾಭ ಎಷ್ಟು? ಅದಕ್ಕಿಂತ ಎರಡು-ಮೂರು ಸಾಲು ಮೇಲೆ ಏನಿದೆ ನೋಡೋಣ ಅಂತ ನಾನು ಇವತ್ತು ಹೇಳ್ತೀನಿ. ಅಲ್ಲಿರೋದು ಕಾರ್ಯಾಚರಣೇತರ ಆದಾಯ, ಅಂದ್ರೆ ನಾನ್-ಆಪರೇಟಿಂಗ್ ಇನ್‌ಕಮ್.

ಅಮೆರಿಕದ ಕ್ರಾಸ್ ಕಂಟ್ರಿ ಹೆಲ್ತ್‌ಕೇರ್ ಕಂಪನಿಯನ್ನೇ ತಗೊಳ್ಳಿ. ಆಸ್ಪತ್ರೆಗಳಿಗೆ ತಾತ್ಕಾಲಿಕ ನರ್ಸ್‌ಗಳನ್ನು ಒದಗಿಸೋದು ಇದರ ಮುಖ್ಯ ಕಸುಬು. ನರ್ಸ್ ದುಡಿದ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಬಿಲ್ ಹೋಗುತ್ತೆ. ಆ ಹಣದ ಬಹುಪಾಲು ನರ್ಸ್‌ಗಳ ಸಂಬಳ, ವಸತಿ, ವಿಮೆಗೇ ಖರ್ಚಾಗುತ್ತೆ. ಉಳಿದಿದ್ದರಲ್ಲಿ ಕಚೇರಿ, ನೇಮಕಾತಿ ವೆಚ್ಚ ಕಳೆದರೆ ಸಿಗೋದು ಕಾರ್ಯಾಚರಣೆ ಲಾಭ. ಬ್ಯಾಂಕಿನಲ್ಲಿಟ್ಟ ಹಣದ ಬಡ್ಡಿ, ಹೂಡಿಕೆ ಮಾರಿದ ಲಾಭ ಇವೆಲ್ಲ ಅದರ ಕೆಳಗೆ ಬರುತ್ತವೆ. ಸಾಲದ ಬಡ್ಡಿ ಖರ್ಚೂ ಅಲ್ಲೇ ಕಳೆಯುತ್ತೆ.

ಇದು ಯಾಕೆ ಮುಖ್ಯ? ಕೋವಿಡ್ ಬೇಡಿಕೆ ಇಳಿದ ಮೇಲೆ ಈ ಕಂಪನಿಯ ವಾರ್ಷಿಕ ವರಮಾನ 2022ರ ಸುಮಾರು 280 ಕೋಟಿ ಡಾಲರ್‌ನಿಂದ 2024ರಲ್ಲಿ ಸುಮಾರು 134 ಕೋಟಿಗೆ ಬಂತು. ಕಸುಬಿನ ಲಾಭ ತೆಳುವಾದಾಗ ಸಣ್ಣ ಬಡ್ಡಿಯೂ ದೊಡ್ಡದಾಗಿ ಕಾಣುತ್ತೆ. ಒಂದು ಕಾಲ್ಪನಿಕ ಲೆಕ್ಕ ನೋಡಿ: ಕಾರ್ಯಾಚರಣೆ ಲಾಭ 2 ಕೋಟಿ, ಬಡ್ಡಿ 1 ಕೋಟಿ, ಒಟ್ಟು 3. ಮುಂದಿನ ವರ್ಷ ಕಾರ್ಯಾಚರಣೆ ಲಾಭ 1 ಕೋಟಿ, ಬಡ್ಡಿ 2 ಕೋಟಿ. ಒಟ್ಟು ಅದೇ 3! 'ಲಾಭ ಸ್ಥಿರ' ಅನ್ನೋ ತಲೆಬರಹ ಬರುತ್ತೆ, ಆದರೆ ಕಸುಬು ಅರ್ಧಕ್ಕಿಳಿದಿರುತ್ತೆ.

ಇನ್ನೊಂದು ಸಂಗತಿ. ಈ ಕಂಪನಿಯನ್ನು ಕೊಳ್ಳೋಕೆ ಅಯಾ ಹೆಲ್ತ್‌ಕೇರ್ 2024ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡ್ಕೊಂಡಿತ್ತು. ಒಂದು ವರ್ಷದ ನಂತರ ಅದು ಮುರಿದುಬಿತ್ತು, ಕ್ರಾಸ್ ಕಂಟ್ರಿಗೆ 2 ಕೋಟಿ ಡಾಲರ್ ಪರಿಹಾರ ಸಿಕ್ತು. ಯಾವ ನರ್ಸೂ ಒಂದು ಶಿಫ್ಟ್ ಮಾಡದೆ ಬಂದ ದುಡ್ಡು ಇದು, ಪ್ರತಿವರ್ಷ ಬರೋದಲ್ಲ.

ಹಾಗಂತ ಒಮ್ಮೆ ಮಾತ್ರ ಬರೋದೆಲ್ಲ ಕಾರ್ಯಾಚರಣೇತರ ಅಂತ ತಿಳ್ಕೋಬೇಡಿ. ಇದೇ ಕ್ಷೇತ್ರದ ಎಎಂಎನ್ ಹೆಲ್ತ್‌ಕೇರ್ 2024ರಲ್ಲಿ ಗುಡ್‌ವಿಲ್ ಮೌಲ್ಯವನ್ನು 20 ಕೋಟಿ ಡಾಲರ್‌ಗೂ ಹೆಚ್ಚು ಇಳಿಸಿತು. ಕೈಯಿಂದ ನಗದು ಹೋಗದಿದ್ದರೂ ಅದು ಕಾರ್ಯಾಚರಣೆ ವೆಚ್ಚದಲ್ಲೇ ಸೇರಿತು.

ಭಾರತದ ಫಲಿತಾಂಶ ಓದೋವಾಗ ಒಂದು ಎಚ್ಚರ ಬೇಕು. ನಮ್ಮ ಕಂಪನಿ ಕಾಯ್ದೆಯ ನಮೂನೆಯಲ್ಲಿ 'ಇತರೆ ಆದಾಯ' ಮೇಲೇ ಬಂದು 'ಒಟ್ಟು ಆದಾಯ'ದಲ್ಲಿ ಬೆರೆತುಹೋಗುತ್ತೆ. ಸ್ಟಾಫಿಂಗ್ ಕಂಪನಿಗಳಿಗೆ ಗ್ರಾಹಕರು ಟಿಡಿಎಸ್ ಕಡಿದೇ ಹಣ ಕೊಡೋದರಿಂದ, ತೆರಿಗೆ ರಿಫಂಡ್ ಮೇಲಿನ ಬಡ್ಡಿಯೂ ಅಲ್ಲಿ ಸೇರಬಹುದು. ಹಾಗಾಗಿ 'ಒಟ್ಟು ಆದಾಯ' ಬಿಟ್ಟು, 'ಕಾರ್ಯಾಚರಣೆಯಿಂದ ಬಂದ ಆದಾಯ' ನೋಡಿ.

ಷೇರು ಕೊಳ್ಳೋರಿರಲಿ, ಅಂಥ ಕಂಪನಿಗೆ ಕೆಲಸಕ್ಕೆ ಸೇರೋ ನರ್ಸ್ ಇರಲಿ, ಕೇಳಬೇಕಾದ ಪ್ರಶ್ನೆಗಳು ಮೂರು. ಇತರೆ ಆದಾಯ ತೆಗೆದರೆ ಲಾಭ ಉಳಿಯುತ್ತಾ? ಅದು ಮುಂದಿನ ವರ್ಷವೂ ಬರುತ್ತಾ? ಟಿಪ್ಪಣಿಯಲ್ಲಿ ಅದರ ಮೂಲ ಬರೆದಿದ್ದಾರಾ? ಉತ್ತರ ಸಿಕ್ಕ ಮೇಲೆ ಕೊನೇ ಸಾಲು ಓದಿ.